ಆರು ಜನರ ಕೆಲಸ, ಇಬ್ಬರ ಮೇಲೆ ಹೊರೆ: ಅಥಣಿ ಚಪ್ಪಲಿ ಘಟಕಗಳಿಗೆ ಒಂದು ಲೆಕ್ಕ

2025ರ ಜೂನ್ ತಿಂಗಳಿನಲ್ಲಿ ಇಟಲಿಯ ಮಿಲಾನ್ ನಗರದ ಉಡುಪು ಪ್ರದರ್ಶನವೊಂದರಲ್ಲಿ ಪ್ರಾಡಾ ಸಂಸ್ಥೆಯು ಕೊಲ್ಹಾಪುರಿ ಚಪ್ಪಲಿಯನ್ನು ಹೋಲುವ ಪಾದರಕ್ಷೆಗಳನ್ನು ಮೂಲದ ಹೆಸರು ಹೇಳದೆ ಪ್ರದರ್ಶಿಸಿತು. ಅದರಿಂದ ಎದ್ದ ಆಕ್ಷೇಪ ದೇಶದಾದ್ಯಂತ ಸುದ್ದಿಯಾಯಿತು. ಮಹಾರಾಷ್ಟ್ರದ ವಾಣಿಜ್ಯ, ಕೈಗಾರಿಕೆ ಹಾಗೂ ಕೃಷಿ ಮಂಡಳಿಯು ಬರೆದ ಪತ್ರಕ್ಕೆ ಉತ್ತರವಾಗಿ ಆ ಸಂಸ್ಥೆಯು ತನ್ನ ವಿನ್ಯಾಸಕ್ಕೆ ಭಾರತದ ಕರಕುಶಲ ಪರಂಪರೆಯೇ ಪ್ರೇರಣೆ ಎಂದು ಒಪ್ಪಿಕೊಂಡಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಕರ್ನಾಟಕದ ಲಿಡ್ಕರ್ ಹಾಗೂ ಮಹಾರಾಷ್ಟ್ರದ ಲಿಡ್ಕಾಂ ನಿಗಮಗಳೊಡನೆ ಒಪ್ಪಂದವಾಗಿ, ಉಭಯ ರಾಜ್ಯಗಳ ಕುಶಲಕರ್ಮಿಗಳಿಂದ 2,000 ಜೋಡಿ ಪಾದರಕ್ಷೆಗಳನ್ನು ತಯಾರಿಸುವ ಯೋಜನೆ ಪ್ರಕಟವಾಯಿತು.

ಹೆಸರಿನ ಪ್ರಶ್ನೆ ಹೀಗೆ ಒಂದು ಹಂತಕ್ಕೆ ಬಂದಿತು. ಆದರೆ ಅಥಣಿ, ನಿಪ್ಪಾಣಿ, ಮದಭಾವಿಗಳ ಚಪ್ಪಲಿ ಘಟಕಗಳ ಮುಂದೆ ಇನ್ನೊಂದು ಪ್ರಶ್ನೆ ಹಾಗೆಯೇ ಉಳಿದಿದೆ. ದೊಡ್ಡ ಬೇಡಿಕೆ ಬಂದಾಗ ಅದನ್ನು ಎಷ್ಟು ದಿನಗಳಲ್ಲಿ, ಯಾರ ಕೈಯಿಂದ, ಯಾರ ನಿದ್ರೆಗೆ ಭಂಗವಾಗದಂತೆ ಪೂರೈಸುವುದು ಎಂಬುದೇ ಆ ಪ್ರಶ್ನೆ. ಸಾಮಾನ್ಯವಾಗಿ ಮಾಲೀಕನು ಬೇಡಿಕೆಯನ್ನು ಒಪ್ಪಿಕೊಳ್ಳುವಾಗ ಚರ್ಮದ ಲೆಕ್ಕ ಹಾಕುತ್ತಾನೆ, ಹಣದ ಲೆಕ್ಕ ಹಾಕುತ್ತಾನೆ, ಕೆಲಸಗಾರರ ತಲೆ ಎಣಿಸುತ್ತಾನೆ. ಪ್ರತಿಯೊಬ್ಬರ ಪಾಲಿಗೆ ಬರುವ ನಿಮಿಷಗಳನ್ನು ಮಾತ್ರ ಎಣಿಸುವುದಿಲ್ಲ. ಈ ಒಂದು ಎಣಿಕೆ ತಪ್ಪುವುದರಿಂದ ಸರಕು ತಡವಾಗುತ್ತದೆ, ಬಂಡವಾಳ ಸಿಕ್ಕಿಬೀಳುತ್ತದೆ, ಕೊನೆಗೆ ಕುಶಲ ಕೈಗಳೇ ಕಸುಬನ್ನು ಬಿಟ್ಟುಹೋಗುತ್ತವೆ.

ಗಡಿ ತಾಲ್ಲೂಕುಗಳ ದುಡಿಮೆಯ ಬಗೆಗಳು

ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳಲ್ಲಿ ಕೆಲಸದ ಹೊರೆಯನ್ನು ನಿರ್ಧರಿಸುವ ಅಂಶ ಒಂದೊಂದು ಉದ್ಯಮದಲ್ಲಿ ಒಂದೊಂದು ರೀತಿಯದು. ಅದನ್ನು ಗುರುತಿಸಿಕೊಂಡರೆ ಚಪ್ಪಲಿ ಉದ್ಯಮದ ಸಮಸ್ಯೆ ಸ್ಪಷ್ಟವಾಗುತ್ತದೆ.

ಕಾಗವಾಡ ತಾಲ್ಲೂಕಿನ ಉಗಾರ ಖುರ್ದದಲ್ಲಿ 1939ರಲ್ಲಿ ಸ್ಥಾಪನೆಯಾದ ಉಗಾರ ಶುಗರ್ ವರ್ಕ್ಸ್ ಈ ಭಾಗದ ಹಳೆಯ ಸಕ್ಕರೆ ಕಾರ್ಖಾನೆ. ಸಕ್ಕರೆ ಕಾರ್ಖಾನೆಯಲ್ಲಿ ವೇಗವನ್ನು ನಿರ್ಧರಿಸುವುದು ಗಾಣ. ಹಂಗಾಮಿನಲ್ಲಿ ಗಾಣ ಹಗಲಿರುಳು ತಿರುಗುತ್ತದೆ. ಕೆಲಸಗಾರರು ಮೂರು ಪಾಳಿಗಳಲ್ಲಿ ಬದಲಾಗುತ್ತಾರೆ. ಕಡಿದ ಕಬ್ಬು ತಡವಾದಷ್ಟೂ ಸಕ್ಕರೆಯ ಅಂಶ ಕುಸಿಯುವುದರಿಂದ, ಯಾವ ಹೊಲದ ಕಬ್ಬನ್ನು ಯಾವ ದಿನ ಕಡಿಯಬೇಕು ಎಂಬ ಕಟಾವಿನ ಆದೇಶವನ್ನು ಗಾಣದ ಸಾಮರ್ಥ್ಯಕ್ಕೆ ಹೊಂದಿಸಿ ನೀಡಲಾಗುತ್ತದೆ. ಅಂದರೆ ಇಡೀ ವೇಳಾಪಟ್ಟಿ ಒಂದು ಇಕ್ಕಟ್ಟಿನ ಹಂತವನ್ನು ಮೊದಲೇ ಗುರುತಿಸಿ, ಅದರ ಸುತ್ತ ರಚಿತವಾಗಿರುತ್ತದೆ.

ಗಡಿಗೆ ಹೊಂದಿದ ಮಾಣಕಾಪುರದಂತಹ ಊರುಗಳ ವಿದ್ಯುತ್ ಮಗ್ಗಗಳಲ್ಲಿ ಹೊರೆಯ ಅಳತೆ ಎಂದರೆ ಒಬ್ಬ ನೇಕಾರನು ನೋಡಿಕೊಳ್ಳುವ ಮಗ್ಗಗಳ ಸಂಖ್ಯೆ. ನೂಲು ಗಟ್ಟಿಯಾಗಿದ್ದರೆ ಆರು ಮಗ್ಗಗಳೂ ಹಗುರ. ನೂಲು ಪದೇ ಪದೇ ಹರಿಯುತ್ತಿದ್ದರೆ ನಾಲ್ಕೂ ಭಾರ. ಸಂಖ್ಯೆಯನ್ನು ಮಾತ್ರ ನೋಡುವವನಿಗೆ ಈ ವ್ಯತ್ಯಾಸ ಕಾಣುವುದಿಲ್ಲ.

ನಿಪ್ಪಾಣಿಯ ಬೀಡಿ ಉದ್ಯಮದಲ್ಲಿ ಕೂಲಿಯ ಅಳತೆ ಸಾವಿರ ಬೀಡಿ. ಎಲೆ ನೆನೆಸಿ ಕತ್ತರಿಸುವುದರಿಂದ ಹಿಡಿದು ಕಟ್ಟು ಕಟ್ಟುವವರೆಗೆ ಬಹುತೇಕ ಕೆಲಸವನ್ನು ಒಬ್ಬ ಹೆಣ್ಣುಮಗಳೇ, ಹಲವು ಬಾರಿ ಮನೆಮಂದಿಯ ನೆರವಿನಿಂದ, ಮಾಡಿ ಮುಗಿಸುತ್ತಾಳೆ. ಅಲ್ಲಿ ಒಬ್ಬರಿಗಾಗಿ ಮತ್ತೊಬ್ಬರು ಕಾಯುವ ಪ್ರಸಂಗ ಕಡಿಮೆ. ಆದರೆ ಸಾವಿರ ಮುಗಿಯುವವರೆಗೆ ದಿನ ಮುಗಿಯುವುದಿಲ್ಲ. ನಿಪ್ಪಾಣಿಯ ತಂಬಾಕು ಕಾರ್ಖಾನೆಗಳ ಮಹಿಳಾ ಕಾರ್ಮಿಕರು ದುಡಿಮೆಯ ಸ್ಥಿತಿಗತಿಗಳ ವಿರುದ್ಧ ಸಂಘಟಿತರಾದ ಕಥನವನ್ನು ಯುಗಾಂತರ್ ಎಂಬ ಮಹಿಳಾ ಚಲನಚಿತ್ರ ಬಳಗವು 1982ರಲ್ಲಿ ಸಾಕ್ಷ್ಯಚಿತ್ರವಾಗಿ ದಾಖಲಿಸಿದೆ. ಲೆಕ್ಕಕ್ಕೆ ಸಿಗದೆ ಉಳಿದ ಹೊರೆ ಒಂದಲ್ಲ ಒಂದು ದಿನ ಬೀದಿಗೆ ಬರುತ್ತದೆ ಎಂಬುದಕ್ಕೆ ಈ ಭಾಗದಲ್ಲಿಯೇ ನಿದರ್ಶನವಿದೆ.

ಚಪ್ಪಲಿ ಉದ್ಯಮದ ಸ್ವರೂಪ ಇವೆಲ್ಲಕ್ಕಿಂತ ಭಿನ್ನ. ಇಲ್ಲಿ ವೇಗವನ್ನು ನಿರ್ಧರಿಸುವ ಗಾಣವಿಲ್ಲ. ಒಬ್ಬರೇ ಎಲ್ಲವನ್ನೂ ಮಾಡಿ ಮುಗಿಸುವುದೂ ಇಲ್ಲ. ಒಂದು ಜೋಡಿ ಹಲವು ಕೈಗಳನ್ನು ದಾಟಿ ಸಿದ್ಧವಾಗುತ್ತದೆ. ಇಕ್ಕಟ್ಟಿನ ಹಂತ ಎಲ್ಲಿದೆ ಎಂಬುದನ್ನು ಹುಡುಕಿಯೇ ತಿಳಿಯಬೇಕು.

ಒಂದು ಜೋಡಿ ದಾಟುವ ಕೈಗಳು

ಕೊಲ್ಹಾಪುರಿ ಎಂಬ ಹೆಸರು ಮಾರುಕಟ್ಟೆಯಿಂದ ಬಂದದ್ದಾದರೂ ಅದರ ತಯಾರಿಕೆ ಗಡಿಯ ಎರಡೂ ಬದಿಗಳದ್ದು. ರಾಯಬಾಗದಂತಹ ಪ್ರದೇಶಗಳು ಸ್ವಾತಂತ್ರ್ಯಪೂರ್ವದಲ್ಲಿ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿದ್ದವು. ಈ ವಾಸ್ತವವನ್ನು ಮನ್ನಿಸಿ, ಲಿಡ್ಕರ್ ಮತ್ತು ಲಿಡ್ಕಾಂ ಜಂಟಿಯಾಗಿ ಸಲ್ಲಿಸಿದ ಅರ್ಜಿಯ ಮೇರೆಗೆ, 2019ರ ಹೊತ್ತಿಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಹಾಗೂ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು.

ಚರ್ಮವನ್ನು ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದಗೊಳಿಸಲು ವಾರಗಟ್ಟಲೆ ಕಾಲ ಬೇಕು. ಹದಗೊಂಡ ಚರ್ಮ ಘಟಕಕ್ಕೆ ಬಂದ ಮೇಲೆ ತಳ, ಕಿವಿ, ಪಟ್ಟಿಗಳನ್ನು ಅಳತೆಗೆ ಕತ್ತರಿಸಲಾಗುತ್ತದೆ. ತಳದ ಪದರಗಳ ನಡುವೆ ಕಿವಿಗಳನ್ನು ಸೇರಿಸಿ ಬಡಿದು ಸಮಗೊಳಿಸುವುದು, ಮೊಳೆ ಹಾಕದೆ ಚರ್ಮದ ಎಳೆಯಿಂದಲೇ ತಳವನ್ನು ಹೊಲಿಯುವುದು, ತೆಳುವಾದ ಎಳೆಗಳನ್ನು ಹೆಣೆದು ವೇಣಿ ಮಾಡುವುದು, ಮೇಲ್ಪಟ್ಟಿ ಹಾಗೂ ಹೆಬ್ಬೆರಳಿನ ಉಂಗುರವನ್ನು ಜೋಡಿಸುವುದು, ಅಂಚು ಸವರಿ ಮೆರುಗು ಕೊಡುವುದು ಮುಂದಿನ ಹಂತಗಳು. ರೂಢಿಯಂತೆ ಕತ್ತರಿಸುವ ಹಾಗೂ ತಳದ ಕೆಲಸ ಗಂಡಸರದ್ದು. ಹೆಣಿಗೆ, ಹೊಲಿಗೆ, ಅಲಂಕಾರದ ಕೆಲಸ ಹೆಚ್ಚಾಗಿ ಹೆಂಗಸರದ್ದು. ಕತ್ತರಿಸುವ ಕೆಲಸ ಘಟಕದಲ್ಲಿ ನಡೆದರೆ, ಹೆಣಿಗೆಯ ಎಳೆಗಳು ಚೀಲದಲ್ಲಿ ಮನೆಗೆ ಹೋಗುತ್ತವೆ. ಕಾಲದ ಲೆಕ್ಕ ಎಲ್ಲಿ ತಪ್ಪುತ್ತದೆ ಎಂಬುದಕ್ಕೆ ಈ ಚೀಲವೇ ಸುಳಿವು.

ಕಾಗದದ ಮೇಲೆ ಸರಿ, ಕೆಲಸದಲ್ಲಿ ತಪ್ಪು

ವಿಷಯವನ್ನು ಅಂಕಿಗಳಲ್ಲಿ ಕಾಣಲು ಒಂದು ಕಲ್ಪಿತ ಘಟಕವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇಲ್ಲಿನ ನಿಮಿಷಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು. ಪ್ರತಿಯೊಂದು ಘಟಕವೂ ತನ್ನದೇ ಅಂಕಿಗಳನ್ನು ಅಳೆದು ಇದೇ ಲೆಕ್ಕವನ್ನು ಮಾಡಿಕೊಳ್ಳಬೇಕು.

ಘಟಕದಲ್ಲಿ ಆರು ಜನ ಕೆಲಸಗಾರರು. ಎಂಟು ಗಂಟೆಗಳ ದಿನದಲ್ಲಿ ಊಟ, ಚಹಾ, ವಿಶ್ರಾಂತಿಯ ಒಂದು ಗಂಟೆಯನ್ನು ಕಳೆದರೆ ತಲಾ 420 ನಿಮಿಷ ದೊರೆಯುತ್ತದೆ. 600 ಜೋಡಿಗಳನ್ನು 30 ಕೆಲಸದ ದಿನಗಳಲ್ಲಿ ಕೊಡಬೇಕೆಂಬ ಬೇಡಿಕೆ ಬಂದಿದೆ. ಅಂದರೆ ದಿನಕ್ಕೆ 20 ಜೋಡಿ. ಒಂದು ಜೋಡಿಗೆ ತಗಲುವ ಕಾಲ ಹೀಗಿದೆ:

ಕತ್ತರಿಸುವುದು: 14 ನಿಮಿಷ
ತಳ ಕೂಡಿಸಿ ಬಡಿಯುವುದು: 18 ನಿಮಿಷ
ತಳದ ಹೊಲಿಗೆ: 32 ನಿಮಿಷ
ಹೆಣಿಗೆ: 36 ನಿಮಿಷ
ಮೇಲ್ಪಟ್ಟಿ ಜೋಡಣೆ: 12 ನಿಮಿಷ
ಮೆರುಗು, ಪರಿಶೀಲನೆ, ಪ್ಯಾಕಿಂಗ್: 8 ನಿಮಿಷ
ಒಟ್ಟು: 120 ನಿಮಿಷ

ಮಾಲೀಕನ ಲೆಕ್ಕ ಸರಳ. 20 ಜೋಡಿಗೆ 2,400 ನಿಮಿಷ ಬೇಕು. ಆರು ಜನರಿಂದ 2,520 ನಿಮಿಷ ಸಿಗುತ್ತದೆ. ಆದ್ದರಿಂದ ಬೇಡಿಕೆಯನ್ನು ಒಪ್ಪಬಹುದು. ಮುಂಗಡ ಪಡೆದು ಕೆಲಸ ಆರಂಭಿಸುತ್ತಾನೆ.

ಒಂದೊಂದು ಹಂತಕ್ಕೆ ಒಬ್ಬೊಬ್ಬರನ್ನು ಕೂಡಿಸಿದರೆ ಆಗುವುದೇ ಬೇರೆ. ಹೆಣಿಗೆಯವಳು 420 ನಿಮಿಷಗಳಲ್ಲಿ 36 ನಿಮಿಷಗಳಂತೆ ಹನ್ನೊಂದು ಜೋಡಿಗಳನ್ನು ಪೂರ್ತಿ ಮುಗಿಸಿ ಹನ್ನೆರಡನೆಯದರ ನಡುವೆ ಇರುತ್ತಾಳೆ. ಹೆಣಿಗೆಯಿಲ್ಲದೆ ಮೇಲ್ಪಟ್ಟಿ ಜೋಡಣೆಯಾಗುವುದಿಲ್ಲ. ಆದ್ದರಿಂದ ಉಳಿದ ಐವರು ಎಷ್ಟೇ ವೇಗವಾಗಿ ದುಡಿದರೂ ಘಟಕದಿಂದ ಹೊರಬೀಳುವುದು ದಿನಕ್ಕೆ ಸುಮಾರು ಹನ್ನೆರಡು ಜೋಡಿಗಿಂತ ಕಡಿಮೆ. ಈ ಗತಿಯಲ್ಲಿ 600 ಜೋಡಿಗೆ 30 ದಿನಗಳ ಬದಲು 52 ದಿನಗಳು ಬೇಕಾಗುತ್ತವೆ.

ಅತ್ತ ಕತ್ತರಿಸುವವನು ಸುಮ್ಮನೆ ಕುಳಿತಿರುವುದಿಲ್ಲ. ದಿನಕ್ಕೆ 30 ಜೋಡಿಗೆ ಆಗುವಷ್ಟು ಚರ್ಮವನ್ನು ಕತ್ತರಿಸಿ ಹಾಕುತ್ತಾನೆ. ಹೊರಗೆ ಹೋಗುವುದು ಹನ್ನೆರಡರ ಆಸುಪಾಸು. ಉಳಿದ ಸುಮಾರು 18 ಜೋಡಿಗಳ ಚರ್ಮ ಅರೆಸಿದ್ಧ ಸ್ಥಿತಿಯಲ್ಲಿ ನಿಲ್ಲುತ್ತದೆ. ಹತ್ತು ದಿನಗಳಲ್ಲಿ 180 ಜೋಡಿಗಳ ಚರ್ಮ. ಜೋಡಿಗೆ 300 ರೂಪಾಯಿಯ ಚರ್ಮ ಎಂದು ಹಿಡಿದರೂ 54,000 ರೂಪಾಯಿ ಗೋಣಿಚೀಲಗಳಲ್ಲಿ ಬಿದ್ದಿರುತ್ತದೆ. ಅದಕ್ಕೆ ಬಡ್ಡಿ ಓಡುತ್ತಿರುತ್ತದೆ. ಕತ್ತರಿಸುವವನಿಗೆ ಜೋಡಿಯ ಲೆಕ್ಕದಲ್ಲಿ ಕೂಲಿ ಕೊಡುವ ಪದ್ಧತಿಯಿದ್ದರೆ, ಬೇಡದ ವೇಗಕ್ಕೆ ಮಾಲೀಕನೇ ಹಣ ಕೊಟ್ಟು ಉತ್ತೇಜನ ನೀಡಿದಂತಾಗುತ್ತದೆ.

ಪುಸ್ತಕದಲ್ಲಿ ಕಾಣದ ಪಾಳಿ

ವಾಸ್ತವದಲ್ಲಿ ಬಹುತೇಕ ಘಟಕಗಳು 52 ದಿನ ತೆಗೆದುಕೊಳ್ಳುವುದಿಲ್ಲ. ಹೇಗೋ 30 ದಿನಗಳಲ್ಲಿಯೇ ಮುಗಿಸುತ್ತವೆ. ಆ ‘ಹೇಗೋ’ ಎಂಬ ಪದದ ಅರ್ಥವನ್ನು ಬಿಡಿಸಿ ನೋಡಬೇಕು.

ದಿನಕ್ಕೆ 20 ಜೋಡಿ ಬರಬೇಕಾದರೆ ಹೆಣಿಗೆಯವಳು 720 ನಿಮಿಷ, ಅಂದರೆ ಬಿಡುವಿಲ್ಲದ 12 ಗಂಟೆ ದುಡಿಯಬೇಕು. ಹೊಲಿಗೆಯವಳು 640 ನಿಮಿಷ, ಅಂದರೆ 10 ಗಂಟೆ 40 ನಿಮಿಷ. ಹಗಲಿನ 420 ನಿಮಿಷಗಳನ್ನು ಕಳೆದರೆ ಹೆಣಿಗೆಯವಳಿಗೆ 5 ಗಂಟೆಯ ಕೆಲಸ, ಹೊಲಿಗೆಯವಳಿಗೆ 3 ಗಂಟೆ 40 ನಿಮಿಷಗಳ ಕೆಲಸ ಮನೆಗೆ ಹೋಗುತ್ತದೆ. ರೊಟ್ಟಿ ಬಡಿದು, ಮಕ್ಕಳನ್ನು ಮಲಗಿಸಿದ ಮೇಲೆ ದೀಪದ ಕೆಳಗೆ ನಡೆಯುವ ಈ ಪಾಳಿ ಹಾಜರಿ ಪುಸ್ತಕದಲ್ಲಿಲ್ಲ, ಕೂಲಿ ಪಟ್ಟಿಯಲ್ಲಿಲ್ಲ. ಒಂದು ಬೇಡಿಕೆಯ 30 ದಿನಗಳಲ್ಲಿ ಹೆಣಿಗೆಯ ಒಬ್ಬ ಹೆಣ್ಣುಮಗಳ ಪಾಲಿಗೆ ಇದು 150 ಗಂಟೆಗಳಾಗುತ್ತದೆ.

ಅದೇ ದಿನ, ಅದೇ ಘಟಕದಲ್ಲಿ, ನಿಗದಿತ 20 ಜೋಡಿಯಷ್ಟೇ ಕೆಲಸ ಮಾಡಿದರೆ, ಕತ್ತರಿಸುವವನಿಗೆ 140 ನಿಮಿಷ, ತಳದವನಿಗೆ 60 ನಿಮಿಷ, ಜೋಡಣೆಯವರಿಗೆ 180 ನಿಮಿಷ, ಮೆರುಗಿನವರಿಗೆ 260 ನಿಮಿಷ ಬಿಡುವಿರುತ್ತದೆ. ಒಟ್ಟು 640 ನಿಮಿಷಗಳ ಬಿಡುವು. ಇಬ್ಬರ ಮೇಲೆ ಬಿದ್ದ ಹೆಚ್ಚುವರಿ ಹೊರೆ 520 ನಿಮಿಷ. ಒಂದೇ ಸೂರಿನ ಕೆಳಗೆ ಬಿಡುವೂ ಇದೆ, ಬವಣೆಯೂ ಇದೆ. ಒಂದು ಇನ್ನೊಂದನ್ನು ಮುಟ್ಟುವುದಿಲ್ಲ. ಮಾಲೀಕನಿಗೆ ‘ಜನ ಸಾಲದು’ ಎಂದು ತೋರುತ್ತದೆ. ವಾಸ್ತವದಲ್ಲಿ ಕೊರತೆಯಿರುವುದು ಹಂಚಿಕೆಯಲ್ಲಿ.

ಇದರ ಪರಿಣಾಮ ಮೊದಲು ಸರಕಿನಲ್ಲಿ ಕಾಣುತ್ತದೆ. ದಣಿದ ಕೈಯ ಹೆಣಿಗೆ ಸಡಿಲವಾಗುತ್ತದೆ, ಹೊಲಿಗೆಯ ಅಂತರ ತಪ್ಪುತ್ತದೆ, ಜೋಡಿಯ ಎರಡು ಚಪ್ಪಲಿಗಳು ಒಂದನ್ನೊಂದು ಹೋಲುವುದಿಲ್ಲ. ಖರೀದಿದಾರನು ತಿರಸ್ಕರಿಸಿದ ಜೋಡಿಯನ್ನು ಬಿಚ್ಚಿ ಸರಿಪಡಿಸುವ ಕೆಲಸ ಮರಳಿ ಅದೇ ಇಬ್ಬರ ಮಡಿಲಿಗೆ ಬೀಳುತ್ತದೆ. ಅನಂತರದ ಪರಿಣಾಮ ಮನೆಯಲ್ಲಿ ಕಾಣುತ್ತದೆ. ಕಣ್ಣು, ಬೆನ್ನು, ಬೆರಳುಗಳ ನೋವನ್ನು ಕಂಡ ಮಗಳು ತಾಯಿಯ ಕಸುಬಿಗೆ ಬರುವುದಿಲ್ಲ. ಚರ್ಮ ಸಿಕ್ಕೀತು, ಸಾಲ ಸಿಕ್ಕೀತು. ಹೆಣಿಗೆ ಬಲ್ಲ ಬೆರಳುಗಳು ಪೇಟೆಯಲ್ಲಿ ಸಿಗುವ ಸರಕಲ್ಲ.

ಹಂಚಿಕೆಯ ಮರುಜೋಡಣೆ

ದಿನದ ಲಭ್ಯ ಕಾಲವನ್ನು ದಿನದ ಗುರಿಯಿಂದ ಭಾಗಿಸಿದರೆ ದೊರೆಯುವ ಅಂಕಿಯೇ ಈ ಲೆಕ್ಕದ ಕೀಲಿಕೈ. ಇಲ್ಲಿ 420 ನಿಮಿಷಗಳನ್ನು 20 ಜೋಡಿಯಿಂದ ಭಾಗಿಸಿದರೆ 21 ನಿಮಿಷ. ಪ್ರತಿ 21 ನಿಮಿಷಕ್ಕೊಂದು ಜೋಡಿ ಸಿದ್ಧವಾಗಬೇಕಾದರೆ ಯಾವೊಬ್ಬ ಕೆಲಸಗಾರನ ಪಾಲಿಗೂ ಜೋಡಿಯೊಂದಕ್ಕೆ 21 ನಿಮಿಷಕ್ಕಿಂತ ಹೆಚ್ಚು ಕೆಲಸ ಬರಬಾರದು. ಅಮೆರಿಕದಲ್ಲಿ ಹೆನ್ರಿ ಫೋರ್ಡ್ 1913ರಲ್ಲಿ ಮೋಟಾರು ಜೋಡಣೆಯನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆದು ಚಲಿಸುವ ಸಾಲಿಗೆ ತಂದಾಗ ಅನುಸರಿಸಿದ ತತ್ವ ಇದೇ. ಜಪಾನಿನ ಟೊಯೋಟಾ ಕಾರ್ಖಾನೆಯಲ್ಲಿ ಹೊರೆಯನ್ನು ಸಮತಟ್ಟಾಗಿಸುವ ಕ್ರಮಕ್ಕೆ ‘ಹೈಜುಂಕಾ’ ಎಂಬ ಹೆಸರೇ ಇದೆ. ಯಂತ್ರವಿಲ್ಲದ ಆರು ಜನರ ಘಟಕಕ್ಕೂ ಇದು ಅಷ್ಟೇ ಅನ್ವಯಿಸುತ್ತದೆ.

ಮೇಲಿನ ಘಟಕದಲ್ಲಿ 20 ಜೋಡಿಗಳ ದಿನದ ಕೆಲಸವನ್ನು ಹೀಗೆ ಹಂಚಬಹುದು:

ಒಂದನೆಯವರು: ಕತ್ತರಿಸುವುದು 280, ಮೆರುಗು ಮತ್ತು ಪ್ಯಾಕಿಂಗ್ 120
ಎರಡನೆಯವರು: ತಳ ಕೂಡಿಸುವುದು 360, ಮೆರುಗು ಮತ್ತು ಪ್ಯಾಕಿಂಗ್ 40
ಮೂರನೆಯವರು: ಹೊಲಿಗೆ 400
ನಾಲ್ಕನೆಯವರು: ಹೊಲಿಗೆ 240, ಜೋಡಣೆ 160
ಐದನೆಯವರು: ಹೆಣಿಗೆ 400
ಆರನೆಯವರು: ಹೆಣಿಗೆ 320, ಜೋಡಣೆ 80

ಪ್ರತಿಯೊಬ್ಬರ ಪಾಲೂ 400 ನಿಮಿಷ. ಹೊಸಬರ ನೇಮಕವಿಲ್ಲ, ಯಂತ್ರದ ಖರೀದಿಯಿಲ್ಲ, ರಾತ್ರಿಯ ಚೀಲವಿಲ್ಲ. ಬದಲಾದದ್ದು ಇಷ್ಟೇ: ಮೆರುಗಿನ ಕೆಲಸ ಮಾಡುತ್ತಿದ್ದವರು ಹೆಣಿಗೆಗೂ, ಜೋಡಣೆಯವರು ಹೊಲಿಗೆಗೂ ಕೈ ಹಾಕಿದರು, ಕತ್ತರಿಸುವವನು ಮಧ್ಯಾಹ್ನದ ಅನಂತರ ಕತ್ತಿ ಕೆಳಗಿಟ್ಟು ಮೆರುಗಿಗೆ ಕುಳಿತನು.

ಕಾಗದದ ಮೇಲೆ ಇದು ಸುಲಭ. ಘಟಕದಲ್ಲಿ ಎರಡು ಅಡ್ಡಿಗಳು ಎದುರಾಗುತ್ತವೆ. ಮೊದಲನೆಯದು ಕಲಿಕೆ. ಹೆಣಿಗೆಯನ್ನು ಹೊಸದಾಗಿ ಹಿಡಿದವರಿಗೆ ಜೋಡಿಗೆ 36 ನಿಮಿಷ ಸಾಲದು. ಆದ್ದರಿಂದ ಕಲಿಕೆಯನ್ನು ಬೇಡಿಕೆ ಬಂದ ಮೇಲೆ ಆರಂಭಿಸಬಾರದು. ಮಳೆಗಾಲದಲ್ಲಿ ಚರ್ಮ ಒಣಗುವುದೂ ನಿಧಾನ, ಚಪ್ಪಲಿಯ ಮಾರಾಟವೂ ಮಂದ. ಆ ಮಂದ ದಿನಗಳೇ ಎರಡನೆಯ ಕೆಲಸವನ್ನು ಕಲಿಸುವ ಕಾಲ. ಪ್ರತಿಯೊಂದು ಹಂತವನ್ನೂ ಕನಿಷ್ಠ ಇಬ್ಬರು ಬಲ್ಲವರಿರಬೇಕು, ಪ್ರತಿಯೊಬ್ಬರೂ ಕನಿಷ್ಠ ಎರಡು ಹಂತ ಬಲ್ಲವರಾಗಿರಬೇಕು ಎಂಬ ನಿಯಮವನ್ನು ಗೋಡೆಯ ಮೇಲೆ ಬರೆದಿಟ್ಟುಕೊಳ್ಳಬಹುದು.

ಎರಡನೆಯ ಅಡ್ಡಿ ರೂಢಿ. ಹೆಣಿಗೆ ಹೆಂಗಸರ ಕೆಲಸ, ಕತ್ತಿ ಗಂಡಸರದ್ದು ಎಂಬ ವಿಭಜನೆ ತಲೆಮಾರುಗಳಿಂದ ಬಂದದ್ದು. ಅದನ್ನು ಮಾತಿನಿಂದ ಬದಲಿಸುವುದು ಕಷ್ಟ. 1990ರ ದಶಕದ ಕೊನೆಯ ವರ್ಷಗಳಿಂದ ಬೆಂಗಳೂರಿನ ಅಸೆಂಟ್ ಸಂಸ್ಥೆಯ ಪ್ರಯತ್ನದಿಂದ ಅಥಣಿಯಲ್ಲಿ ರೂಪುಗೊಂಡ ಟೋಹೋಲ್ಡ್ ಕುಶಲಕರ್ಮಿಗಳ ಒಕ್ಕೂಟದ ಅನುಭವ ಇಲ್ಲಿ ಗಮನಾರ್ಹ. ಮಹಿಳೆಯರ ಸ್ವಸಹಾಯ ಸಂಘಗಳನ್ನು ಆಧಾರವಾಗಿರಿಸಿಕೊಂಡ ಈ ಒಕ್ಕೂಟವು ವಿದೇಶಿ ಮಾರುಕಟ್ಟೆಯನ್ನು ತಲುಪಿತು. ಮನೆಯಲ್ಲಿ ಕುಳಿತು ಹೆಣೆಯುತ್ತಿದ್ದ ಮಹಿಳೆಯರು ಸಂಸ್ಥೆಯ ಪಾಲುದಾರರಾದರು. ಬೇಡಿಕೆಯ ಪ್ರಮಾಣ, ಕೊಡುವ ದಿನಾಂಕ, ಕೂಲಿಗಳನ್ನು ನಿರ್ಧರಿಸುವ ಮಾತುಕತೆಯಲ್ಲಿ ಹೊರೆ ಹೊರುವವರೂ ಕುಳಿತಿದ್ದರೆ ‘ಇಷ್ಟು ಆಗದು’ ಎಂಬ ಮಾತು ಮೊದಲೇ ಕೇಳಿಬರುತ್ತದೆ. ಮಾಲೀಕನೊಬ್ಬನೇ ಇರುವ ಸಣ್ಣ ಘಟಕದಲ್ಲಿ ಆ ಮಾತನ್ನು ಕೇಳಿ ತಿಳಿಯುವ ಹೊಣೆ ಅವನದೇ.

ದಿನಾಂಕ ಕೊಡುವ ಮುನ್ನ

ಮೇಲಿನ ಹಂಚಿಕೆಯಲ್ಲಿ ಪ್ರತಿಯೊಬ್ಬರಿಗೂ ಉಳಿಯುವುದು 20 ನಿಮಿಷಗಳು ಮಾತ್ರ. ಅಂದರೆ ಲಭ್ಯ ಕಾಲದ ಶೇಕಡಾ 95ರಷ್ಟು ತುಂಬಿಹೋಗಿದೆ. ಒಬ್ಬರು ಒಂದು ದಿನ ಬಾರದಿದ್ದರೆ ಅವರ 400 ನಿಮಿಷಗಳನ್ನು ಉಳಿದ ಐವರ 100 ನಿಮಿಷಗಳ ಬಿಡುವು ತುಂಬಿಕೊಡಲಾರದು. ಈ ಭಾಗದಲ್ಲಿ ಬಾರದಿರುವ ದಿನಗಳು ಅನಿರೀಕ್ಷಿತವೂ ಅಲ್ಲ. ಮಾಘ ಮಾಸದಲ್ಲಿ ರಾಯಬಾಗ ತಾಲ್ಲೂಕಿನ ಚಿಂಚಲಿ ಮಾಯಕ್ಕನ ಜಾತ್ರೆ, ಸವದತ್ತಿ ಎಲ್ಲಮ್ಮನ ಹುಣ್ಣಿಮೆಗಳು, ಬೇಸಿಗೆಯ ಲಗ್ನಗಳು, ಕಬ್ಬಿನ ಹಂಗಾಮು ಇವೆಲ್ಲವೂ ಪಂಚಾಂಗ ನೋಡಿಯೇ ಹೇಳಬಹುದಾದ ಸಂಗತಿಗಳು.

ಆದ್ದರಿಂದ ಶೇಕಡಾ 85ರ ಮೇಲೆ ವೇಳಾಪಟ್ಟಿ ಹಾಕುವುದು ವಿವೇಕ. 420 ನಿಮಿಷಗಳ ಶೇಕಡಾ 85 ಎಂದರೆ 357 ನಿಮಿಷ. ಆರು ಜನರಿಗೆ 2,142 ನಿಮಿಷ. ಜೋಡಿಗೆ 120ರಂತೆ ದಿನಕ್ಕೆ 17 ಜೋಡಿ. 600 ಜೋಡಿಗೆ 36 ದಿನಗಳು. ಖರೀದಿದಾರನು 30 ದಿನ ಎಂದಾಗ 36 ದಿನ ಕೇಳುವುದಕ್ಕೆ ಸಂಕೋಚವಾಗಬಹುದು. ಆದರೆ 30 ಎಂದು ಒಪ್ಪಿ 40ಕ್ಕೆ ಕೊಡುವವನಿಗಿಂತ, 36 ಎಂದು ಹೇಳಿ 36ಕ್ಕೆ ಕೊಡುವವನ ಬಳಿಗೆ ಖರೀದಿದಾರ ಮರಳಿ ಬರುತ್ತಾನೆ. ಆರು ದಿನಗಳನ್ನು ಕೇಳಲು ಬೇಕಾದ ಧೈರ್ಯ ಲೆಕ್ಕದಿಂದ ಬರುತ್ತದೆ. 2,000 ಜೋಡಿಯ ಬೇಡಿಕೆಗೂ ಇದೇ ಲೆಕ್ಕ: ಜೋಡಿಗೆ 120 ನಿಮಿಷ ಎಂದಾದರೆ 4,000 ಗಂಟೆಗಳ ಕೈಕೆಲಸ, ಅದರಲ್ಲಿ 1,200 ಗಂಟೆ ಹೆಣಿಗೆಯೊಂದರದ್ದೇ. ಹೆಣಿಗೆ ಬಲ್ಲವರು ಎಷ್ಟು ಜನ ಎಂಬ ಪ್ರಶ್ನೆಗೆ ಉತ್ತರ ಸಿಕ್ಕ ಮೇಲೆಯೇ ದಿನಾಂಕ ಬರೆಯಬೇಕು.

ಕೂಲಿಯ ದರ ಮತ್ತು ಕಾನೂನು

ಹೊರೆಯ ಅಸಮತೋಲನವನ್ನು ಮುಚ್ಚಿಡುವ ಮುಖ್ಯ ಪರದೆ ತುಂಡುಗೂಲಿ. ಉದಾಹರಣೆಗೆ ಕತ್ತರಿಸುವುದಕ್ಕೆ ಜೋಡಿಗೆ 28 ರೂಪಾಯಿ, ಹೆಣಿಗೆಗೆ 36 ರೂಪಾಯಿ ಎಂದಿದ್ದರೆ ಹೆಣಿಗೆಗೇ ಹೆಚ್ಚು ಕೊಟ್ಟಂತೆ ತೋರುತ್ತದೆ. ನಿಮಿಷಗಳಿಗೆ ಇಳಿಸಿ ನೋಡಿದರೆ ಕತ್ತರಿಸುವವನಿಗೆ ಗಂಟೆಗೆ 120 ರೂಪಾಯಿ, ಹೆಣೆಯುವವಳಿಗೆ 60 ರೂಪಾಯಿ ಬೀಳುತ್ತದೆ. ಕತ್ತರಿಸುವಾಗ ತಪ್ಪಿದರೆ ಚರ್ಮವೇ ಹಾಳಾಗುವುದರಿಂದ ಕೌಶಲ್ಯಕ್ಕಾಗಿ ಸ್ವಲ್ಪ ವ್ಯತ್ಯಾಸವಿರಬಹುದು; ಇಮ್ಮಡಿ ವ್ಯತ್ಯಾಸಕ್ಕೆ ಸಮರ್ಥನೆ ಸಿಗುವುದು ಕಷ್ಟ. ಇಂತಹ ದರವಿರುವಾಗ ಕತ್ತರಿಸುವವನು ಹೆಣಿಗೆಗಾಗಲಿ ಮೆರುಗಿಗಾಗಲಿ ಬರಲು ಒಪ್ಪುವುದೂ ಇಲ್ಲ. ಮೊದಲು ನಿಮಿಷದ ದರವನ್ನು ನಿರ್ಧರಿಸಿ, ಅದನ್ನು ಅಳೆದ ಕಾಲದಿಂದ ಗುಣಿಸಿ ತುಂಡುಗೂಲಿಯನ್ನು ಕಟ್ಟಿದರೆ, ಯಾರನ್ನು ಯಾವ ಕೆಲಸಕ್ಕೆ ಕೂಡಿಸಿದರೂ ಅವರಿಗೆ ನಷ್ಟವಾಗುವುದಿಲ್ಲ. ಸಮ ಹಂಚಿಕೆಗೆ ಇದು ಪೂರ್ವಶರತ್ತು.

2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. 1948ರ ಕಾರ್ಖಾನೆ ಕಾಯ್ದೆ, 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಕಾಯ್ದೆಗಳ ಸ್ಥಾನದಲ್ಲಿ ಈಗ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಇದೆ. ಇದರನ್ವಯ ದಿನದ ಸಾಮಾನ್ಯ ಕೆಲಸದ ಅವಧಿ ಎಂಟು ಗಂಟೆ. ಹೆಚ್ಚುವರಿ ದುಡಿಮೆಗೆ ಕಾರ್ಮಿಕರ ಒಪ್ಪಿಗೆ ಬೇಕು, ಇಮ್ಮಡಿ ವೇತನ ಕೊಡಬೇಕು. ಕಾರ್ಖಾನೆ ಎನಿಸಿಕೊಳ್ಳಲು ವಿದ್ಯುತ್ ಬಳಸುವಲ್ಲಿ 20, ಬಳಸದಲ್ಲಿ 40 ಕಾರ್ಮಿಕರ ಮಿತಿಯಿದೆ. ಆರು ಜನರ ಘಟಕ ಆ ವ್ಯಾಪ್ತಿಯ ಹೊರಗೆ ಉಳಿಯಬಹುದು. ಆದರೆ ವೇತನ ಸಂಹಿತೆ, 2019 ಜನಸಂಖ್ಯೆಯ ಮಿತಿಯಿಲ್ಲದೆ ಎಲ್ಲ ಉದ್ಯೋಗಿಗಳಿಗೂ ಕನಿಷ್ಠ ವೇತನದ ಹಕ್ಕನ್ನು ಕೊಟ್ಟಿದೆ. ಸರ್ಕಾರವು ಕಾಲದ ಲೆಕ್ಕದಲ್ಲಿ ಮಾತ್ರ ಕನಿಷ್ಠ ವೇತನ ಗೊತ್ತುಪಡಿಸಿದ್ದರೆ, ತುಂಡುಗೂಲಿಯವರಿಗೂ ಆ ಕಾಲದರಕ್ಕಿಂತ ಕಡಿಮೆ ಕೊಡುವಂತಿಲ್ಲ. ಒಂದೇ ಬಗೆಯ ಕೆಲಸಕ್ಕೆ ಗಂಡು ಹೆಣ್ಣೆಂಬ ಕಾರಣಕ್ಕೆ ಬೇರೆ ಬೇರೆ ವೇತನ ಸಲ್ಲದು. ನಿಮಿಷಗಳನ್ನು ಅಳೆಯದ ಮಾಲೀಕನಿಗೆ ತಾನು ಈ ಕಾನೂನನ್ನು ಪಾಲಿಸುತ್ತಿದ್ದಾನೆಯೇ ಉಲ್ಲಂಘಿಸುತ್ತಿದ್ದಾನೆಯೇ ಎಂಬುದು ಕೂಡ ತಿಳಿಯುವುದಿಲ್ಲ.

ಆರಂಭಿಸುವ ಕ್ರಮ

ಇದಕ್ಕೆ ಗಣಕಯಂತ್ರವಾಗಲಿ ಸಲಹೆಗಾರರಾಗಲಿ ಬೇಕಿಲ್ಲ. ಒಂದು ಗೋಡೆ ಗಡಿಯಾರ, ಒಂದು ನೂರು ಪುಟಗಳ ವಹಿ ಸಾಕು. ಮೊದಲ ವಾರ ಪ್ರತಿಯೊಂದು ಹಂತದಲ್ಲಿ ಎಷ್ಟು ಜೋಡಿ, ಎಷ್ಟು ಹೊತ್ತು ಎಂಬುದನ್ನು ಬರೆಯಬೇಕು. ಅತಿ ಚುರುಕಿನವರನ್ನು ಮಾದರಿಯಾಗಿ ಹಿಡಿಯದೆ ಸಾಮಾನ್ಯ ಗತಿಯನ್ನು ತೆಗೆದುಕೊಂಡು, ಮೈ ಸಡಿಲಿಸಲು ನೀರು ಕುಡಿಯಲು ಬೇಕಾದ ಕಾಲವನ್ನು ಸೇರಿಸಬೇಕು. ಅಳತೆಯ ಉದ್ದೇಶವನ್ನು ಕೆಲಸಗಾರರಿಗೆ ಮೊದಲೇ ತಿಳಿಸಬೇಕು. ಇಲ್ಲವಾದರೆ ಕೂಲಿ ಇಳಿಸುವ ಹುನ್ನಾರವೆಂದು ಶಂಕಿಸುವುದು ಸಹಜ. ಮನೆಗೆ ಕಳಿಸುವ ಕೆಲಸಕ್ಕೆ ಪ್ರತ್ಯೇಕ ಪುಟವಿರಬೇಕು: ಯಾರಿಗೆ, ಎಷ್ಟು ಜೋಡಿ, ಯಾವ ದಿನ ಕೊಟ್ಟದ್ದು, ಯಾವ ದಿನ ಮರಳಿದ್ದು. ಎರಡನೆಯ ವಾರ ದಿನದ ಗುರಿಯ ಪ್ರಕಾರ ಪ್ರತಿಯೊಬ್ಬರ ನಿಮಿಷಗಳನ್ನು ಕೂಡಿಸಿ, ಹೆಚ್ಚು ಹೊರೆಯವರ ಕೆಲಸವನ್ನು ಬಿಡುವಿರುವವರಿಗೆ ವರ್ಗಾಯಿಸಬೇಕು. ಕತ್ತರಿಸುವ ಕೆಲಸವನ್ನು ಹೆಣಿಗೆಯ ವೇಗಕ್ಕೆ ಹೊಂದಿಸಿ, ಎರಡು ದಿನಗಳಿಗಿಂತ ಹೆಚ್ಚು ಚರ್ಮ ಮುಂದಾಗಿ ಕತ್ತರಿಸದಂತೆ ನೋಡಿಕೊಳ್ಳಬೇಕು. ತಿಂಗಳ ಕೊನೆಗೆ ಮನೆಗೆ ಹೋದ ಚೀಲಗಳನ್ನು ಎಣಿಸಿದರೆ ಸುಧಾರಣೆ ಎಷ್ಟಾಯಿತೆಂಬುದು ತಾನಾಗಿ ತಿಳಿಯುತ್ತದೆ.

ಅಥಣಿಯ ಚಪ್ಪಲಿಗೆ ಇಂದು ಹೆಸರಿದೆ, ಭೌಗೋಳಿಕ ಮಾನ್ಯತೆಯಿದೆ, ದೂರದ ಖರೀದಿದಾರರ ಕಣ್ಣೂ ಬಿದ್ದಿದೆ. ಮುಂದೆ ಬರುವ ಬೇಡಿಕೆಗಳನ್ನು ಉಳಿಸಿಕೊಳ್ಳುವ ಶಕ್ತಿ ಮಾತ್ರ ಪ್ರತಿಯೊಂದು ಘಟಕದ ಒಳಗಿನ ಹಂಚಿಕೆಯಿಂದಲೇ ಬರಬೇಕು. ಬಂಡವಾಳವನ್ನು ರೂಪಾಯಿ ಪೈಸೆಗಳಲ್ಲಿ ಎಣಿಸುವ ವ್ಯಾಪಾರಸ್ಥರು ದುಡಿಮೆಯನ್ನು ನಿಮಿಷಗಳಲ್ಲಿ ಎಣಿಸುವ ಅಭ್ಯಾಸವನ್ನೂ ರೂಢಿಸಿಕೊಳ್ಳುವುದು ಅಗತ್ಯ. ಮುಂದಿನ ಬೇಡಿಕೆಗೆ ಸಹಿ ಹಾಕುವ ಮುನ್ನ ಒಂದು ಸಂಜೆ ವಹಿಯನ್ನು ಮುಂದಿಟ್ಟುಕೊಂಡು, ಹೆಣಿಗೆಯವರನ್ನೂ ಹೊಲಿಗೆಯವರನ್ನೂ ಜೊತೆಗೆ ಕೂಡಿಸಿಕೊಂಡು, ಈ ಲೆಕ್ಕವನ್ನು ಮಾಡಿ ನೋಡಿದರೆ ಸಾಕು. ಕೊಡಬೇಕಾದ ದಿನಾಂಕ ಯಾವುದೆಂಬುದು ಅಲ್ಲಿಯೇ ಗೊತ್ತಾಗುತ್ತದೆ.